ಸೆಲ್ ಕೆಟ್ಟಿದೆಯೋ, ಅಳತೆ ಕೆಟ್ಟಿದೆಯೋ? ಲಿಥಿಯಂ-ಅಯಾನ್ ಪರೀಕ್ಷೆಯಲ್ಲಿ ದೋಷ ಹುಡುಕುವ ಕೈಪಿಡಿ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಬ್ಯಾಟರಿ ಪರೀಕ್ಷೆಯಲ್ಲಿ ಈ ಗಾದೆಯನ್ನು ತಿರುಗಿಸಿ ಓದಬೇಕು. ಇಲ್ಲಿ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ, ಬೈಗುಳ ಮಾತ್ರ ಕುಣಿಯುವವಳ ಪಾಲಿಗೆ. 2500 ಮಿಲಿಆಂಪಿಯರ್-ಗಂಟೆ ಎಂದು ಬರೆದ ಸೆಲ್ 2100 ತೋರಿಸಿದರೆ ನಾವು ಮೊದಲು ಸೆಲ್ಲನ್ನು ಶಂಕಿಸುತ್ತೇವೆ. ಸೆಲ್ಲಿಗೂ ಪರದೆಯ ಮೇಲಿನ ಅಂಕಿಗೂ ನಡುವೆ ಕುಳಿತಿರುವ ಸ್ಪ್ರಿಂಗ್, ತಂತಿ, ಶಂಟ್ (ಕರೆಂಟ್ ಅಳೆಯಲು ದಾರಿಯಲ್ಲಿಡುವ ಸಣ್ಣ ರೋಧಕ), ಕೋಣೆಯ ಗಾಳಿ ಇವೆಲ್ಲ ನೆನಪಾಗುವುದು ಕೊನೆಗೆ. ಆ ಸರದಿಯನ್ನು ತಲೆಕೆಳಗು ಮಾಡಿದರೆ ಸಮಯವೂ ಉಳಿಯುತ್ತದೆ, ಸೆಲ್ಲುಗಳೂ ಉಳಿಯುತ್ತವೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ತಪ್ಪು ಯಾವುದರ ಜೊತೆ ಬೆಳೆಯುತ್ತಿದೆ? ಕರೆಂಟ್ ಹೆಚ್ಚಿಸಿದಂತೆ ಬೆಳೆದರೆ ತಂತಿ ಮತ್ತು ಸಂಪರ್ಕಗಳನ್ನು ನೋಡಿ. ಪರೀಕ್ಷೆ ದೀರ್ಘವಾದಷ್ಟೂ ಬೆಳೆದರೆ ಕರೆಂಟ್ ಅಳತೆಯ ಸೊನ್ನೆ ಜಾರಿದೆ, ಅಂದರೆ ಕರೆಂಟ್ ಇಲ್ಲದಾಗಲೂ ಯಂತ್ರ ಏನೋ ಅಂಕಿ ಎಣಿಸುತ್ತಿದೆ. ಗಡಿಯಾರದ ಜೊತೆ ಏರಿಳಿದರೆ ತಾಪಮಾನ. ಯಾವುದಕ್ಕೂ ಜಗ್ಗದೆ ಒಂದೇ ಸಮನೆ ನಿಂತಿದ್ದರೆ ಮೀಟರಿನ ಕ್ಯಾಲಿಬ್ರೇಶನ್.

ಕಾಸು ಖರ್ಚಿಲ್ಲದ ಇನ್ನೊಂದು ಪರೀಕ್ಷೆ ಅದಲುಬದಲು. ಸೆಲ್ಲುಗಳನ್ನು ಚಾರ್ಜ್, ಡಿಸ್ಚಾರ್ಜ್ ಮಾಡಿ ಅಳೆಯುವ ಯಂತ್ರದಲ್ಲಿ ಒಂದೊಂದು ಸೆಲ್ಲಿಗೂ ಒಂದೊಂದು ಚಾನೆಲ್ ಇರುತ್ತದೆ. ಶಂಕಿತ ಸೆಲ್ಲನ್ನು ಬೇರೆ ಚಾನೆಲ್‌ಗೆ ಹಾಕಿ, ಆ ಚಾನೆಲ್‌ನಲ್ಲಿದ್ದ ಒಳ್ಳೆಯ ಸೆಲ್ಲನ್ನು ಇಲ್ಲಿಗೆ ತನ್ನಿ. ದೋಷ ಸೆಲ್ಲಿನ ಹಿಂದೆ ಹೋದರೆ ಸೆಲ್ಲಿನದು, ಚಾನೆಲ್‌ನಲ್ಲೇ ಉಳಿದರೆ ಯಂತ್ರದ್ದು. ಮುಂದಿನ ಪ್ರತಿ ವಿಭಾಗಕ್ಕೂ ಮೊದಲು ಇದನ್ನು ಮಾಡಿ.

ಕೈ ಹಾಕುವ ಮೊದಲು

ಮಲ್ಟಿಮೀಟರಿನ ಕೆಂಪು ತಂತಿ ಯಾವ ರಂಧ್ರದಲ್ಲಿದೆ ಎಂದು ಪ್ರತಿ ಸಲವೂ ಕಣ್ಣಿಟ್ಟು ನೋಡಿ. ಹಿಂದಿನ ಸಲ ಕರೆಂಟ್ ಅಳೆದು 10 ಆಂಪಿಯರ್ ರಂಧ್ರದಲ್ಲೇ ಬಿಟ್ಟ ಪ್ರೋಬನ್ನು ಸೆಲ್ಲಿನ ಎರಡು ತುದಿಗೆ ಒತ್ತಿದರೆ ಅದು ವೋಲ್ಟೇಜ್ ಅಳತೆಯಲ್ಲ, ನೇರ ಶಾರ್ಟ್ ಸರ್ಕ್ಯೂಟ್. ಅಗ್ಗದ ಕೆಲವು ಮೀಟರುಗಳಲ್ಲಿ ಆ ದಾರಿಗೆ ಫ್ಯೂಸ್ ಕೂಡ ಇರುವುದಿಲ್ಲ. ಉಂಗುರ, ಬಳೆ, ಲೋಹದ ಪಟ್ಟಿಯ ಕೈಗಡಿಯಾರ ತೆಗೆದಿಡಿ, ಕನ್ನಡಕ ಹಾಕಿಕೊಳ್ಳಿ, ಲೋಹದ ಮೇಜಿನ ಮೇಲೆ ಕೆಲಸ ಬೇಡ. ಉಬ್ಬಿದ, ಸೋರಿದ, ಸಿಹಿಯಾದ ದ್ರಾವಕದ ವಾಸನೆ ಬರುವ ಸೆಲ್ಲನ್ನು ಅಳೆಯಲೇಬೇಡಿ. ಅದರ ಅಂಕಿ ತಿಳಿದು ಆಗಬೇಕಾದ್ದೂ ಏನಿಲ್ಲ.

ಲಕ್ಷಣ: ಕಡಿಮೆ ಕರೆಂಟ್‌ನಲ್ಲಿ ಸರಿ, ಹೆಚ್ಚಿಸಿದ ಕೂಡಲೇ ಸಾಮರ್ಥ್ಯ ಕುಸಿಯುತ್ತದೆ

ಅತಿ ಸಾಮಾನ್ಯ ದೂರು ಇದು. 0.5 ಆಂಪಿಯರ್‌ನಲ್ಲಿ 2450 ತೋರಿಸಿದ ಸೆಲ್ 2.5 ಆಂಪಿಯರ್‌ನಲ್ಲಿ 2100ಕ್ಕೆ ಇಳಿಯುತ್ತದೆ. ಹೆಚ್ಚು ಕರೆಂಟ್‌ನಲ್ಲಿ ಸಾಮರ್ಥ್ಯ ತುಸು ಇಳಿಯುವುದು ಸೆಲ್ಲಿನ ಸ್ವಭಾವವೇ. ಡೇಟಾಶೀಟಿನ ಗೆರೆಗಿಂತ ತೀರಾ ಕೆಳಗಿದ್ದರೆ ಮಾತ್ರ ಮುಂದೆ ಓದಿ.

ಒಮ್ಮೆ ಎಂಟು ಚಾನೆಲ್‌ಗಳ ಯಂತ್ರದ ಐದನೆಯ ಚಾನೆಲ್‌ನಲ್ಲಿ ನಾನು ಮೂರು ಸೆಲ್ಲುಗಳನ್ನು ಒಂದಾದ ಮೇಲೊಂದು ತಿರಸ್ಕರಿಸಿದೆ. ನಾಲ್ಕನೆಯದನ್ನು ತೆಗೆಯುವಾಗ ಹೋಲ್ಡರಿನ ಸ್ಪ್ರಿಂಗ್ ಬೆರಳಿಗೆ ಬೆಚ್ಚಗೆ ತಾಗಿತು. ಸೆಲ್ಲು ತಣ್ಣಗಿತ್ತು. ಸ್ಪ್ರಿಂಗಿನ ತುದಿಯಲ್ಲಿ ಕಂದು ಬಣ್ಣದ ತೆಳುವಾದ ಪೊರೆ. ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಉಜ್ಜಿದ ಮೇಲೆ, ತಿರಸ್ಕೃತರು ಮೂವರೂ ಪಾಸಾದರು.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಸ್ಪ್ರಿಂಗ್, ಅದರ ಸಂಪರ್ಕ, ತಂತಿ ಎಲ್ಲ ಸೇರಿ 60 ಮಿಲಿಓಮ್ ಎನ್ನೋಣ. 2.5 ಆಂಪಿಯರ್ ಹರಿದರೆ ದಾರಿಯಲ್ಲೇ 150 ಮಿಲಿವೋಲ್ಟ್ ಕಳೆದುಹೋಗುತ್ತದೆ. ಯಂತ್ರ 3.00 ವೋಲ್ಟ್ ಕಂಡು ಡಿಸ್ಚಾರ್ಜ್ ನಿಲ್ಲಿಸಿದಾಗ ಸೆಲ್ಲು ಇನ್ನೂ 3.15ರಲ್ಲಿರುತ್ತದೆ. 0.5 ಆಂಪಿಯರ್‌ನಲ್ಲಿ ಅದೇ ನಷ್ಟ 30 ಮಿಲಿವೋಲ್ಟ್ ಮಾತ್ರ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಚಾರ್ಜ್ ಮಾಡುವಾಗ ಇದೇ ರೋಧ ಬೇರೆ ವೇಷ ಹಾಕುತ್ತದೆ: ಯಂತ್ರ 4.20 ವೋಲ್ಟ್ ಎಂದುಕೊಂಡಾಗ ಸೆಲ್ಲು 4.05ರಲ್ಲಿರುತ್ತದೆ, ಸ್ಥಿರ ವೋಲ್ಟೇಜಿನ ಹಂತ (ವೋಲ್ಟೇಜನ್ನು ಹಿಡಿದಿಟ್ಟು ಕರೆಂಟನ್ನು ಇಳಿಯಲು ಬಿಡುವ ಕೊನೆಯ ಹಂತ) ಬೇಗ ಶುರುವಾಗಿ ಬಹಳ ಹೊತ್ತು ಎಳೆಯುತ್ತದೆ. ಕರೆಂಟ್ ಇಳಿದಂತೆ ತಪ್ಪೂ ಇಳಿಯುವುದರಿಂದ ಕೊನೆಗೆ ಸೆಲ್ಲು ಹೆಚ್ಚುಕಡಿಮೆ ತುಂಬಿಯೇ ತುಂಬುತ್ತದೆ. ಚಾರ್ಜ್ ತಡ, ಡಿಸ್ಚಾರ್ಜ್ ಗಿಡ್ಡ ಎಂಬ ಜೋಡಿ ಕಂಡರೆ ಸಂಪರ್ಕವನ್ನೇ ಹಿಡಿಯಿರಿ.

ಪರಿಶೀಲನೆಯ ಸರದಿ ಹೀಗಿರಲಿ. ಕರೆಂಟ್ ಹರಿಯುತ್ತಿರುವಾಗಲೇ ಮಲ್ಟಿಮೀಟರಿನ ಪ್ರೋಬ್‌ಗಳನ್ನು ಹೋಲ್ಡರಿಗಲ್ಲ, ಸೆಲ್ಲಿನ ಲೋಹದ ತುದಿಗಳಿಗೇ ಮುಟ್ಟಿಸಿ ಓದಿ, ಯಂತ್ರದ ಅಂಕಿಯ ಜೊತೆ ಹೋಲಿಸಿ. ವ್ಯತ್ಯಾಸವನ್ನು ಕರೆಂಟ್‌ನಿಂದ ಭಾಗಿಸಿದರೆ ದಾರಿಯ ರೋಧ ಸಿಗುತ್ತದೆ. ನಂತರ ಸಂಪರ್ಕ ಶುಚಿಗೊಳಿಸಿ, ಸಡಿಲ ತಿರುಪು ಬಿಗಿ ಮಾಡಿ, ಮತ್ತೆ ಓದಿ. ಅದಕ್ಕೂ ಬಗ್ಗದಿದ್ದರೆ ನಾಲ್ಕು ತಂತಿಯ ಹೋಲ್ಡರ್ ಬೇಕು: ಎರಡು ತಂತಿ ಕರೆಂಟ್ ಹೊರಲು, ಇನ್ನೆರಡು ವೋಲ್ಟೇಜನ್ನು ನೋಡಲು ಮಾತ್ರ. ನೋಡುವ ತಂತಿಯಲ್ಲಿ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲವಾದ್ದರಿಂದ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಈ ಎರಡು ಜೋಡಿ ಸೆಲ್ಲಿನ ತುದಿಯಲ್ಲೇ ಸೇರಬೇಕು. ಸ್ಪ್ರಿಂಗಿನ ಹಿಂಬದಿಗೆ ಬೆಸೆದ ನಾಲ್ಕು ತಂತಿಗೆ ನಾಲ್ಕು ತಂತಿಯೆಂಬ ಹೆಸರಷ್ಟೇ ಇರುತ್ತದೆ.

ಎಚ್ಚರಿಕೆ: ಚಾರ್ಜ್ ನಡೆಯುವಾಗ ನೋಡುವ ತಂತಿ ಕಳಚಿಕೊಂಡರೆ ಯಂತ್ರ ಕುರುಡಾಗುತ್ತದೆ. ಕರೆಂಟ್ ಹರಿಯುತ್ತಲೇ ಇದ್ದು ವೋಲ್ಟೇಜ್ ಮಾತ್ರ ಒಂದೇ ಅಂಕಿಯಲ್ಲಿ ಕಲ್ಲಿನಂತೆ ನಿಂತಿದ್ದರೆ ಅಥವಾ ಅರ್ಥವಿಲ್ಲದೆ ಅಲೆದಾಡಿದರೆ ತಕ್ಷಣ ನಿಲ್ಲಿಸಿ. 4.2 ವೋಲ್ಟ್ ದಾಟಿ ಸೆಲ್ಲು ತುಂಬುತ್ತಿರಬಹುದು. ಒಟ್ಟು ಆಂಪಿಯರ್-ಗಂಟೆಗೂ ಸಮಯಕ್ಕೂ ಬೇರೆಯೇ ಮಿತಿ ಹಾಕಿಡುವ ಅಭ್ಯಾಸ ಇಲ್ಲಿ ಕಾಪಾಡುತ್ತದೆ.

ಲಕ್ಷಣ: ಎರಡು ಮೀಟರ್, ಎರಡು ವೋಲ್ಟೇಜ್

ಮೊದಲು ಮೀಟರಿನ ಒಳಗಿನ ಬ್ಯಾಟರಿ ಬದಲಾಯಿಸಿ. ಅದು ಸೊರಗಿದಾಗ ಎಷ್ಟೋ ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಬ್ಯಾಟರಿ ಅಳೆಯುವ ಸಾಧನ ಬ್ಯಾಟರಿಯಿಂದಲೇ ಕೆಡುವುದು ವಿಚಿತ್ರ ನ್ಯಾಯ. ನಂತರ ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಸೊನ್ನೆ ಬರುತ್ತದೆಯೇ ನೋಡಿ.

ಇಷ್ಟಾದರೂ ವ್ಯತ್ಯಾಸ ಉಳಿದರೆ ಮೀಟರಿನ ಕೈಪಿಡಿ ತೆರೆಯಿರಿ. ‘ಶೇ 0.5 ಮತ್ತು ಕೊನೆಯ ಅಂಕಿಯಲ್ಲಿ 2’ ಎಂದಿದ್ದರೆ 4.200 ವೋಲ್ಟಿಗೆ 21 ಮಿಲಿವೋಲ್ಟ್, ಜೊತೆಗೆ 2, ಒಟ್ಟು 23 ಮಿಲಿವೋಲ್ಟ್ ಆಚೀಚೆ. ಅಂದರೆ ಯಾವ ದೋಷವೂ ಇಲ್ಲದ ಎರಡು ಮೀಟರುಗಳು ಒಂದಕ್ಕೊಂದು 46 ಮಿಲಿವೋಲ್ಟ್ ಜಗಳವಾಡಬಹುದು. ಪರದೆಯ ಮೇಲೆ ದಶಾಂಶದ ಬಳಿಕ ಮೂರು ಅಂಕಿ ಇವೆ ಎಂದ ಮಾತ್ರಕ್ಕೆ ಮೂರನ್ನೂ ನಂಬಬೇಕೆಂದಿಲ್ಲ.

20 ಮಿಲಿವೋಲ್ಟ್ ದೊಡ್ಡದೋ ಚಿಕ್ಕದೋ ಎಂಬುದು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲಿದೆ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ ಸೆಲ್ಲಿನಲ್ಲಿ 4.2ರ ಆಸುಪಾಸಿನಲ್ಲಿ ಅದು ಸುಮಾರು ಶೇ 2ರಷ್ಟು ಸಾಮರ್ಥ್ಯಕ್ಕೆ ಸಮ. ಖಾಲಿಯಾಗುವ ತುದಿಯಲ್ಲಿ ಗೆರೆ ಬಂಡೆಯಿಂದ ಧುಮುಕುವಂತೆ ಇಳಿಯುವುದರಿಂದ ಅಲ್ಲಿ ಅದೇ 20 ಮಿಲಿವೋಲ್ಟ್ ನಗಣ್ಯ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನದು ಇನ್ನೊಂದು ಕಥೆ. ನಡುಭಾಗದಲ್ಲೆಲ್ಲ 3.2ರಿಂದ 3.3 ವೋಲ್ಟಿನ ನಡುವೆ ಮೈಚಾಚಿ ಮಲಗಿರುವ ಅದರ ವೋಲ್ಟೇಜ್ ನೋಡಿ ‘ಅರ್ಧ ತುಂಬಿದೆ’ ಎನ್ನುವುದು ಬರೀ ಊಹೆ.

ಮೂರನೆಯ ಮೀಟರ್ ತಂದು ಬಹುಮತ ಎಣಿಸಬೇಡಿ. ಗೊತ್ತಾದ ಒಂದೇ ವೋಲ್ಟೇಜ್ ಕೊಡುವ, ನಿಖರತೆ ನಮೂದಾದ ವೋಲ್ಟೇಜ್ ಉಲ್ಲೇಖ ಚಿಪ್ ಒಂದನ್ನು ಇಟ್ಟುಕೊಂಡು ಆಗಾಗ ಅಳೆಯುವುದು ಹೆಚ್ಚು ಪ್ರಯೋಜನಕಾರಿ.

ಲಕ್ಷಣ: ಆಂತರಿಕ ರೋಧ ಒಂದೊಂದು ಸಲ ಒಂದೊಂದು

ಕೈಯಲ್ಲಿ ಹಿಡಿಯುವ ರೋಧಮಾಪಕ 22 ಮಿಲಿಓಮ್ ಅನ್ನುತ್ತದೆ, ಯಂತ್ರದ 10 ಸೆಕೆಂಡಿನ ಪಲ್ಸ್ ಪರೀಕ್ಷೆ 45 ಅನ್ನುತ್ತದೆ. ಎರಡೂ ನಿಜ ಹೇಳುತ್ತಿರಬಹುದು. ಮಾಪಕ 1 ಕಿಲೋಹರ್ಟ್ಸ್‌ನ ಪರ್ಯಾಯ ವಿದ್ಯುತ್ ಬಳಸುತ್ತದೆ, ಆ ವೇಗದಲ್ಲಿ ಕಾಣುವುದು ಮುಖ್ಯವಾಗಿ ಲೋಹದ ಹಾಳೆ ಮತ್ತು ವಿದ್ಯುದ್ವಿಚ್ಛೇದ್ಯದ (ಅಯಾನುಗಳನ್ನು ಸಾಗಿಸುವ ಒಳಗಿನ ದ್ರವದ) ರೋಧ. ಪಲ್ಸ್ ದೀರ್ಘವಾದಂತೆ ರಾಸಾಯನಿಕ ಕ್ರಿಯೆಯ ತಡೆ, ಅಯಾನುಗಳು ನಿಧಾನವಾಗಿ ಹರಡುವ ತಡೆ ಎಲ್ಲ ಒಂದೊಂದಾಗಿ ಸೇರುತ್ತವೆ. 2 ಆಂಪಿಯರ್ ಪಲ್ಸಿಗೆ 90 ಮಿಲಿವೋಲ್ಟ್ ಇಳಿದರೆ 45 ಮಿಲಿಓಮ್ ಎಂದು ಬರೆಯುವಾಗ, ಎಷ್ಟು ಸೆಕೆಂಡಿನ ಬಳಿಕ ಓದಿದ್ದು, ಎಷ್ಟು ತುಂಬಿದಾಗ, ಯಾವ ತಾಪಮಾನದಲ್ಲಿ ಎಂಬ ಮೂರನ್ನೂ ಪಕ್ಕದಲ್ಲಿ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಒಂದೇ ಮಾಪಕ, ಒಂದೇ ಸೆಲ್, ಆದರೂ ಅಂಕಿ ಕುಣಿಯುತ್ತಿದ್ದರೆ ಪ್ರೋಬ್ ಒತ್ತುವ ಬಲ ಮತ್ತು ಜಾಗ ನೋಡಿ. ಸೆಲ್ಲಿನ ತಳದ ನಡುವೆ ಮುಟ್ಟಿಸಿದ್ದಕ್ಕೂ ಬೆಸುಗೆ ಹಾಕಿದ ನಿಕಲ್ ಪಟ್ಟಿಯ ತುದಿಗೆ ಮುಟ್ಟಿಸಿದ್ದಕ್ಕೂ ಕೆಲವು ಮಿಲಿಓಮ್ ವ್ಯತ್ಯಾಸ ಬರುತ್ತದೆ. 20 ಮಿಲಿಓಮ್ ಸೆಲ್ಲಿನಲ್ಲಿ ಅದು ಸಣ್ಣ ಮಾತಲ್ಲ. ಫ್ರಿಜ್ಜಿನಿಂದ ಆಗತಾನೆ ಹೊರತೆಗೆದ ಸೆಲ್ಲನ್ನು ಅಳೆದವರಿಗೆ ಹೇಳುವುದೇನಿದೆ? ತಣ್ಣಗಾದ ಸೆಲ್ಲಿನ ರೋಧ ಏರಿಯೇ ಇರುತ್ತದೆ.

ಲಕ್ಷಣ: ತುಂಬಿದ್ದಕ್ಕಿಂತ ಹೆಚ್ಚು ಹೊರಬರುತ್ತಿದೆ

ಚಾರ್ಜ್ 2500, ಡಿಸ್ಚಾರ್ಜ್ 2520. ದಕ್ಷತೆ ಶೇ 100ನ್ನು ದಾಟಿದೆ. ಸಂಭ್ರಮಿಸುವ ಮೊದಲು ಹಿಂದಿನ ಸುತ್ತು (ಒಂದು ಚಾರ್ಜ್, ಒಂದು ಡಿಸ್ಚಾರ್ಜ್) ನೋಡಿ. ಕಳೆದ ಸಲ ಹೆಚ್ಚು ಕರೆಂಟ್‌ನಲ್ಲಿ ಅಥವಾ ಚಳಿಯಲ್ಲಿ ಡಿಸ್ಚಾರ್ಜ್ ಮಾಡಿದ್ದರೆ ಸೆಲ್ಲಿನಲ್ಲಿ ಸ್ವಲ್ಪ ಉಳಿದಿತ್ತು, ಈಗ ನಿಧಾನವಾಗಿ ಮಾಡಿದಾಗ ಹಳೆಯ ಬಾಕಿಯೂ ಸೇರಿ ಹೊರಬಂತು. ಬಹಳ ದಿನ ಇಟ್ಟಿದ್ದ ಸೆಲ್ಲುಗಳಲ್ಲಿ ಮೊದಲ ಕೆಲವು ಸುತ್ತು ಸಾಮರ್ಥ್ಯ ತಾನಾಗಿ ಏರುವುದೂ ಉಂಟು. ಕ್ಯಾಥೋಡಿಗಿಂತ (ಧನ ಫಲಕ) ಅಗಲವಾಗಿ ಮಾಡಿರುವ ಆನೋಡಿನ (ಋಣ ಫಲಕ) ಅಂಚಿನಲ್ಲಿ ಅಡಗಿದ್ದ ಲಿಥಿಯಂ ನಿಧಾನವಾಗಿ ವಾಪಸ್ ಬರುವುದು ಅದಕ್ಕೊಂದು ಕಾರಣ.

ಒಂದೇ ಬಗೆಯ ಸುತ್ತುಗಳು ಹತ್ತು ನಡೆದ ಮೇಲೂ ಹಾಗೆಯೇ ಇದ್ದರೆ ಕರೆಂಟ್ ಅಳತೆಯ ಸೊನ್ನೆ ಜಾರಿದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸುವುದು ಲಾಭ. ತಕ್ಕಡಿ ಪ್ರತಿ ಕಿಲೋಗೆ ಹತ್ತು ಗ್ರಾಂ ಹೆಚ್ಚು ತೋರಿದರೆ ಕೊಳ್ಳುವಾಗಲೂ ಮಾರುವಾಗಲೂ ಅದೇ ಪ್ರಮಾಣದಲ್ಲಿ ಹೆಚ್ಚು, ಹಾಗಾಗಿ ಕೊಂಡದ್ದಕ್ಕೂ ಮಾರಿದ್ದಕ್ಕೂ ಇರುವ ಅನುಪಾತ ಕೆಡುವುದಿಲ್ಲ. ಚಾರ್ಜ್ ಮತ್ತು ಡಿಸ್ಚಾರ್ಜ್ ಎರಡನ್ನೂ ಒಂದೇ ಶಂಟ್ ಅಳೆಯುವಾಗ ಈ ಬಗೆಯ ತಪ್ಪು ಸಾಮರ್ಥ್ಯವನ್ನು ಕೆಡಿಸುತ್ತದೆ, ದಕ್ಷತೆಯನ್ನಲ್ಲ. ತಕ್ಕಡಿ ಖಾಲಿಯಿದ್ದಾಗಲೇ ಹತ್ತು ಗ್ರಾಂ ತೋರುತ್ತಿದ್ದರೆ? ಕರೆಂಟ್‌ಗೆ ದಿಕ್ಕಿರುವುದರಿಂದ ಆ ತಪ್ಪು ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. 1 ಮಿಲಿಆಂಪಿಯರ್ ಜಾರಿಕೆ, 10 ಗಂಟೆ ಚಾರ್ಜ್, 10 ಗಂಟೆ ಡಿಸ್ಚಾರ್ಜ್ ಎಂದರೆ ಒಟ್ಟು 20 ಮಿಲಿಆಂಪಿಯರ್-ಗಂಟೆ, 2500ರಲ್ಲಿ ಶೇ 0.8. ಮೇಲಿನ 2520 ಬಂದದ್ದು ಹೀಗೆಯೇ.

ಪರೀಕ್ಷೆ ಸುಲಭ. ಸೆಲ್ ತೆಗೆದು, ಚಾನೆಲ್ಲನ್ನು ವಿಶ್ರಾಂತಿಯಲ್ಲಿಟ್ಟು ಪರದೆಯ ಕರೆಂಟ್ ಓದಿ, ಸೊನ್ನೆಯೇ ಬರಬೇಕು. ಕೆಲವು ಯಂತ್ರಗಳು ವಿಶ್ರಾಂತಿಯಲ್ಲಿ ಬಲವಂತವಾಗಿ ಸೊನ್ನೆ ಬರೆದುಬಿಡುತ್ತವೆ. ಅಂಥಲ್ಲಿ ಮ್ಯಾಂಗನಿನ್ ಮಿಶ್ರಲೋಹದ ಶಂಟನ್ನು ಸರಣಿಯಲ್ಲಿಟ್ಟು, ಅದರ ಮಿಲಿವೋಲ್ಟ್ ಓದಿ ಹೋಲಿಸಬೇಕು. ತಾಮ್ರದ ತಂತಿಯ ತುಂಡನ್ನೇ ಶಂಟ್ ಮಾಡಿಕೊಳ್ಳುವ ಜಾಣತನ ಬೇಡ: ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.39ರಷ್ಟು ಏರುತ್ತದೆ, 25 ಡಿಗ್ರಿ ಬಿಸಿಯಾದರೆ ತಪ್ಪು ಶೇ 10ರ ಹತ್ತಿರ. ಶಂಟ್ ಎಷ್ಟೇ ಒಳ್ಳೆಯದಿರಲಿ, 10 ಮಿಲಿಓಮ್‌ನಲ್ಲಿ 2.5 ಆಂಪಿಯರ್ ಹರಿದಾಗ ಸಿಗುವುದು 25 ಮಿಲಿವೋಲ್ಟ್. 0.1 ಮಿಲಿವೋಲ್ಟ್ ಮಾತ್ರ ತೋರಿಸಬಲ್ಲ ಮೀಟರಿನಲ್ಲಿ ಶೇ 0.4ಕ್ಕಿಂತ ಕೆಳಗೆ ನೋಡಲು ಸಾಧ್ಯವೇ ಇಲ್ಲ.

ದೊಡ್ಡ ಯಂತ್ರದಲ್ಲಿ ಸಣ್ಣ ಸೆಲ್ ಪರೀಕ್ಷಿಸುವವರು ವಿಶೇಷವಾಗಿ ನೋಡಬೇಕು. 5 ಆಂಪಿಯರ್ ವ್ಯಾಪ್ತಿಯ ಚಾನೆಲ್ಲಿಗೆ ‘ಪೂರ್ಣ ವ್ಯಾಪ್ತಿಯ ಶೇ 0.1’ ಎಂದರೆ 5 ಮಿಲಿಆಂಪಿಯರ್. 100 ಮಿಲಿಆಂಪಿಯರ್‌ನಲ್ಲಿ ಪರೀಕ್ಷಿಸಿದರೆ ಅದೇ ಶೇ 5.

ದಕ್ಷತೆಯಿಂದ ಆಯುಷ್ಯ ಊಹಿಸುವ ಆಸೆ ಇದ್ದವರಿಗೆ ಒಂದು ಮಾತು. ಕಳೆದುಹೋದದ್ದೆಲ್ಲ ಮರಳಿ ಬಾರದ ಲಿಥಿಯಂ ಎಂದು ಇಟ್ಟುಕೊಂಡರೆ, ಪ್ರತಿ ಸುತ್ತಿಗೆ ಶೇ 99.9 ಎಂದರೆ ಸಾವಿರ ಸುತ್ತಿಗೆ ಉಳಿಯುವುದು ಶೇ 37, ಶೇ 99.99 ಎಂದರೆ ಶೇ 90. ಈ ಎರಡರ ನಡುವಿನ ಅಂತರ ಶೇ 0.09. ಸಾಧಾರಣ ಯಂತ್ರಕ್ಕೆ ಅದು ನಿಲುಕದು. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಜೆಫ್ ಡಾನ್ ಅವರ ತಂಡ ಅತಿ ನಿಖರವಾದ ಚಾರ್ಜರ್‌ಗಳನ್ನು ತಾವೇ ಕಟ್ಟಿಕೊಂಡದ್ದು ಇಂಥ ಅಂತರಗಳನ್ನು ಕಾಣಲೆಂದೇ.

ಲಕ್ಷಣ: ಸಾಮರ್ಥ್ಯದ ಗೆರೆ ಅಲೆಯಾಡುತ್ತದೆ

ನೂರು ಸುತ್ತಿನ ನಕ್ಷೆಯಲ್ಲಿ ಗೆರೆ ನೇರವಾಗಿ ಇಳಿಯದೆ ಏರುತ್ತ ಇಳಿಯುತ್ತ ಸಾಗುತ್ತದೆ. ಅಡ್ಡ ಅಕ್ಷದಲ್ಲಿ ಸುತ್ತಿನ ಸಂಖ್ಯೆ ತೆಗೆದು ಗಡಿಯಾರದ ಸಮಯ ಹಾಕಿ ಮತ್ತೆ ಬಿಡಿಸಿ. ಸುತ್ತಿಗೆ ಐದು ಗಂಟೆ ಹಿಡಿಯುವ ಪರೀಕ್ಷೆಯಲ್ಲಿ ಸುಮಾರು ಐದು ಸುತ್ತಿಗೊಂದು ಅಲೆ ಇದ್ದದ್ದು ಈಗ ದಿನಕ್ಕೊಂದು ಅಲೆಯಾಗಿ ಕಾಣುತ್ತದೆ. ಅದು ಹಗಲು ರಾತ್ರಿಯ ಉಸಿರು, ಸೆಲ್ಲಿನದಲ್ಲ. ವಾರಕ್ಕೊಮ್ಮೆ ಎರಡು ದಿನ ಗೆರೆ ಮೇಲೆ ಹೋದರೆ ರಜೆಯ ದಿನ ಹವಾನಿಯಂತ್ರಕ ಆರಿಸುವವರು ಯಾರೆಂದು ವಿಚಾರಿಸಿ.

ತಾಪಮಾನ ನಿಯಂತ್ರಿತ ಪೆಟ್ಟಿಗೆ ಇದ್ದರೂ ಅದರ ಬಾಗಿಲ ಮೇಲಿನ ಅಂಕಿ ಗಾಳಿಯದು. ಸಂವೇದಕವನ್ನು ಸೆಲ್ಲಿನ ಮೈಗೇ, ನಡುಭಾಗದಲ್ಲಿ, ಟೇಪಿನಿಂದ ಒತ್ತಿ ಅಂಟಿಸಿ, ಮೇಲೊಂದು ಚೂರು ಫೋಮ್ ಇಡಿ. ಇಲ್ಲವಾದರೆ ಫ್ಯಾನಿನ ಗಾಳಿಯನ್ನೇ ಅಳೆಯುತ್ತೀರಿ. ಕೆ ಬಗೆಯ ಸಾಮಾನ್ಯ ಥರ್ಮೋಕಪಲ್ ತಾನೇ 2.2 ಡಿಗ್ರಿ ಆಚೀಚೆ ಇರಬಹುದು ಎಂಬುದೂ ನೆನಪಿರಲಿ.

ಲಕ್ಷಣ: ಖಾಲಿ ಮಾಡಿಟ್ಟ ಸೆಲ್ಲು ಬೆಳಿಗ್ಗೆ ‘ತುಂಬಿಕೊಂಡಿದೆ’

3.00 ವೋಲ್ಟಿಗೆ ನಿಲ್ಲಿಸಿದ್ದು ಮರುದಿನ 3.35 ತೋರಿಸಿದರೆ ಗಾಬರಿ ಬೇಡ. ಭಾರ ಇಳಿಸಿದ ಮೇಲೆ ಒಳಗಿನ ಅಯಾನುಗಳು ಸಮವಾಗಿ ಹರಡಿಕೊಳ್ಳಲು ಗಂಟೆಗಟ್ಟಲೆ ಬೇಕು. ಚಾರ್ಜ್ ಆದ ಮೇಲೆ ಇದೇ ಕೆಳಮುಖವಾಗಿ ನಡೆಯುತ್ತದೆ, ಅದನ್ನು ಸೋರಿಕೆ ಎಂದು ತಪ್ಪು ತಿಳಿಯುವವರೇ ಹೆಚ್ಚು. ಹತ್ತು ನಿಮಿಷಕ್ಕೆ 1 ಮಿಲಿವೋಲ್ಟಿಗಿಂತ ಕಡಿಮೆ ಬದಲಾಗುವವರೆಗೆ ಕಾದು ಓದಿ. ನಿಜವಾದ ಸೋರಿಕೆಯಾದರೆ ವಾರ ಕಳೆದರೂ ಇಳಿಕೆ ನಿಲ್ಲುವುದಿಲ್ಲ. ಅಂಥ ಸೆಲ್ಲನ್ನು ಬೇರೆ ಇಡಿ, ಹಲವು ಸೆಲ್ಲುಗಳ ಪ್ಯಾಕಿಗೆ ಸೇರಿಸಬೇಡಿ.

ಲಕ್ಷಣ: ಯಂತ್ರದ ಲೆಕ್ಕ ಒಂದು, ನನ್ನ ಲೆಕ್ಕ ಇನ್ನೊಂದು

ದಾಖಲೆಯ ಕಡತದಿಂದ ನೀವೇ ಕೂಡಿದ್ದೀರಿ, ದಾಖಲೆ ನಿಮಿಷಕ್ಕೊಂದು ಸಲ. ಒಂದು ಗಂಟೆಯ ಡಿಸ್ಚಾರ್ಜಿನಲ್ಲಿ ಒಂದು ನಿಮಿಷ ಎಂದರೆ ಶೇ 1.7. ಕೊನೆಯ ಸಾಲು ತಪ್ಪಿದರೆ ಅಷ್ಟೂ ಹೋಯಿತು. ಸಮಯದ ಜೊತೆಗೆ ವೋಲ್ಟೇಜ್ ಬದಲಾದಾಗಲೂ ದಾಖಲಿಸುವಂತೆ ಹೊಂದಿಸಿ. ಸ್ಥಿರ ವೋಲ್ಟೇಜಿನ ಹಂತ ಯಾವ ಕರೆಂಟ್‌ನಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿ. ಇಬ್ಬರು ಬೇರೆ ಬೇರೆ ಮಿತಿ ಇಟ್ಟುಕೊಂಡು ಸಾಮರ್ಥ್ಯ ಹೋಲಿಸುವುದು ವ್ಯರ್ಥ ವಾದ.

ಲಕ್ಷಣ: ಅಂಕಿ ನಡುಗುತ್ತದೆ, ಅಥವಾ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಜಿಗಿಯುತ್ತವೆ

ತಂತಿಯನ್ನು ಮೆಲ್ಲಗೆ ಅಲುಗಿಸಿ. ಅಲುಗಿಸಿದಾಗ ಜಿಗಿದರೆ ಸಡಿಲ ಸಂಪರ್ಕ, ಮುಗಿಯಿತು. ಇಲ್ಲವಾದರೆ ಥರ್ಮೋಕಪಲ್ ಒಂದನ್ನು ಸೆಲ್ಲಿನಿಂದ ಎತ್ತಿ ನೋಡಿ. 18650 ಎಂಬ ಸಿಲಿಂಡರ್ ಆಕಾರದ ಸೆಲ್ಲಿನ ಲೋಹದ ಡಬ್ಬಿಯೇ ಋಣ ತುದಿ, ಅನೇಕ ಚೌಕಾಕಾರದ ಅಲ್ಯೂಮಿನಿಯಂ ಸೆಲ್ಲುಗಳಲ್ಲಿ ಡಬ್ಬಿ ಧನ ತುದಿಗೆ ಸೇರಿರುತ್ತದೆ. ಸಂವೇದಕದ ಬರಿಯ ಮಣಿ ಅಲ್ಲಿಗೆ ತಾಗಿದರೆ ಅಳತೆಯ ನಡುವೆ ಕಳ್ಳದಾರಿಯೊಂದು ತೆರೆದುಕೊಳ್ಳುತ್ತದೆ. ನಡುವೆ ಪಾಲಿಇಮೈಡ್ ಟೇಪಿನ ಒಂದು ಪದರ ಸಾಕು. ಪ್ಯಾಕಿನ ನಡುವಿನ ಸೆಲ್ಲಿಗೆ ಆಸಿಲೋಸ್ಕೋಪಿನ ನೆಲದ ಕ್ಲಿಪ್ ಹಾಕುವುದು ಮಾತ್ರ ಬೇಡವೇ ಬೇಡ. ಆ ಕ್ಲಿಪ್ ಗೋಡೆಯ ಅರ್ಥಿಂಗ್‌ಗೆ ಸೇರಿರುತ್ತದೆ, ಪ್ಯಾಕಿನ ಇನ್ನೊಂದು ಬಿಂದುವೂ ಅರ್ಥಿಂಗ್‌ಗೆ ಸೇರಿದ್ದರೆ ಶಾರ್ಟ್ ಆಗುತ್ತದೆ.

ಲಕ್ಷಣ: 10000 ಎಂದ ಪವರ್ ಬ್ಯಾಂಕ್ 6500 ಮಾತ್ರ ಕೊಡುತ್ತದೆ

ಬಹುಪಾಲು ಇದು ಮೋಸವಲ್ಲ. 10000 ಎನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟಿನಲ್ಲಿ, ಅಂದರೆ 37 ವ್ಯಾಟ್-ಗಂಟೆ. 5 ವೋಲ್ಟಿನಲ್ಲಿ ಅದು 7400 ಆಗುತ್ತದೆ, ಪರಿವರ್ತಕದ ನಷ್ಟ ಕಳೆದರೆ 6300ರಿಂದ 6700. ಹೋಲಿಕೆ ವ್ಯಾಟ್-ಗಂಟೆಯಲ್ಲೇ ಇರಲಿ. ಮೀಟರ್ ಕೇಬಲಿನ ಈ ತುದಿಯಲ್ಲಿದೆಯೋ ಆ ತುದಿಯಲ್ಲಿದೆಯೋ ಎಂಬುದನ್ನೂ ನೋಡಿ.

ಲಕ್ಷಣ: ಗ್ರಾಫೈಟ್ ಸಿದ್ಧಾಂತವನ್ನೇ ಮೀರಿದೆ

ಪ್ರಯೋಗಾಲಯದಲ್ಲಿ ನಾಣ್ಯ ಗಾತ್ರದ ಸೆಲ್ ಕಟ್ಟುವವರಿಗೆ ಮಾತ್ರ. ಗ್ರಾಫೈಟಿನ ಸೈದ್ಧಾಂತಿಕ ಮಿತಿ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ, ನಿಮಗೆ 390 ಬಂದಿದೆ. ಯಂತ್ರವನ್ನು ಬಿಡಿ, ತಕ್ಕಡಿಯ ಬಳಿಗೆ ಹೋಗಿ. 10 ಮೈಕ್ರಾನ್ ದಪ್ಪ, 15 ಮಿಲಿಮೀಟರ್ ವ್ಯಾಸದ ತಾಮ್ರದ ಹಾಳೆಯ ತೂಕವೇ ಸುಮಾರು 16 ಮಿಲಿಗ್ರಾಂ. ಮೇಲಿನ ಲೇಪ 10 ಮಿಲಿಗ್ರಾಂ ಇದ್ದರೆ, ಹಾಳೆಯ ತೂಕದಲ್ಲಿ ಅರ್ಧ ಮಿಲಿಗ್ರಾಂ ವ್ಯತ್ಯಾಸವಾದರೂ ಸಾಮರ್ಥ್ಯ ಶೇ 5ರಷ್ಟು ಜಾರುತ್ತದೆ. ಅದೇ ರೋಲಿನ ಬರಿಯ ಹಾಳೆಯಿಂದ ಹತ್ತು ಬಿಲ್ಲೆ ಕತ್ತರಿಸಿ ತೂಗಿ, ಎಷ್ಟು ಹರಡಿಕೊಂಡಿವೆ ನೋಡಿ.

ಎಲ್ಲಿ ನಿಲ್ಲಿಸಬೇಕು

ಸೆಲ್ಲು 60 ಡಿಗ್ರಿ ಮುಟ್ಟಿದರೆ, ಚಾರ್ಜ್ ಮಾಡುವಾಗ 45 ದಾಟಿದರೆ, ಉಸಿರು ಬಿಟ್ಟಂಥ ಸದ್ದು ಬಂದರೆ, ಹೊದಿಕೆ ಉಬ್ಬಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಆನೋಡಿನ ಮೇಲೆ ಲಿಥಿಯಂ ಲೋಹವಾಗಿ ಕೂರುತ್ತದೆ. 2 ವೋಲ್ಟಿಗಿಂತ ಕೆಳಗೆ ದಿನಗಟ್ಟಲೆ ಬಿದ್ದಿದ್ದ ಸೆಲ್ಲನ್ನು ಎಬ್ಬಿಸುವ ಪ್ರಯತ್ನವೂ ಬೇಡ. ಒಳಗಿನ ತಾಮ್ರ ಕರಗಿ ಮತ್ತೆ ಎಲ್ಲೆಲ್ಲೋ ಕೂತಿರಬಹುದು. ಹೊಗೆ ಕಂಡರೆ ಅಂಕಿ ಬರೆದುಕೊಳ್ಳಲು ನಿಲ್ಲದೆ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ತಿಳಿಸಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ.

60 ವೋಲ್ಟ್ ದಾಟಿದ ಪ್ಯಾಕನ್ನು ತರಬೇತಿ ಇಲ್ಲದೆ ತೆರೆಯಬೇಡಿ. ಯಂತ್ರದ ಮುಚ್ಚಳ ಬಿಚ್ಚಿ ಒಳಗಿನ ತಿರುಪು ತಿರುಗಿಸಿ ಕ್ಯಾಲಿಬ್ರೇಟ್ ಮಾಡುವುದೂ ಹಾಗೆಯೇ, ಅಲ್ಲಿ ಗೋಡೆಯ ವಿದ್ಯುತ್ ಇದೆ. ಚಾನೆಲ್ ಬದಲಿಸಿ, ಸಂಪರ್ಕ ಶುಚಿ ಮಾಡಿ, ಶಂಟಿನಿಂದ ಹೋಲಿಸಿದ ಮೇಲೂ ದೋಷ ಅದೇ ಚಾನೆಲ್ಲಿನಲ್ಲಿ ಉಳಿದರೆ ಕ್ಯಾಲಿಬ್ರೇಶನ್ ಪ್ರಯೋಗಾಲಯಕ್ಕೆ ಕಳಿಸಿ. ಕಳಿಸುವಾಗ ‘ತಪ್ಪು ತೋರಿಸುತ್ತದೆ’ ಎಂದಷ್ಟೇ ಬರೆಯಬೇಡಿ. ಎಷ್ಟು ಕರೆಂಟ್‌ನಲ್ಲಿ ಎಷ್ಟು ತಪ್ಪು ಎಂಬ ನಾಲ್ಕೈದು ಜೋಡಿ ಅಂಕಿ, ಅಂದಿನ ಕೋಣೆಯ ತಾಪಮಾನ, ಬಳಸಿದ ಹೋಲ್ಡರ್ ಮತ್ತು ಅದೇ ತಂತಿಗಳು ಜೊತೆಗಿರಲಿ. ಬರಿಯ ಯಂತ್ರವನ್ನು ಕಳಿಸಿದರೆ ಅದು ಅಲ್ಲಿ ಚೆನ್ನಾಗಿಯೇ ಅಳೆದು, ‘ಸರಿಯಿದೆ’ ಎಂಬ ಚೀಟಿ ಹೊತ್ತು ವಾಪಸ್ ಬರುತ್ತದೆ.